ರೌಡಿಯ ಮೇಲಿನ ಆರೋಪ

“ಬರಿ! ಇದು ರೌಡಿ ಅಂಟಿಸಿದ ರೋಗ ಅಂತ ಬರಿ. ಕೆಳಗೆ ನಿನ್ನ ಸೀಲು ಒತ್ತು,” ಎನ್ನುತ್ತ ಅಮ್ಮ ಬುಟ್ಟಿಯನ್ನು ಮಗಳ ಮೇಜಿನ ಮೇಲೆ ಕುಕ್ಕಿದರು. ಮಗಳು ಪಶುವೈದ್ಯೆ. ಬುಟ್ಟಿಯಲ್ಲಿ ಮೂರು ಬೆಕ್ಕಿನ ಮರಿಗಳು. ಆರು ಕಣ್ಣುಗಳೂ ಗೀಜು ಕಟ್ಟಿ ಮುಚ್ಚಿಹೋಗಿದ್ದವು. ತಾಯಿಬೆಕ್ಕು ಮುದ್ದಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಒಂದು ಮರಿಯ ಮುಖ ನೆಕ್ಕುತ್ತಿದ್ದಳು.

ರೌಡಿ ಎಂದರೆ ಎದುರುಮನೆ ದರ್ಜಿಯ ಗಂಡುಬೆಕ್ಕು. ಬೆಳಿಗ್ಗೆ ಅಮ್ಮ ನೆಗಡಿ ಹಿಡಿದ ಗಂಟಲಲ್ಲೇ ಬೀದಿಗೆಲ್ಲ ಕೇಳುವಂತೆ ಅದರ ಏಳು ತಲೆಮಾರನ್ನು ಜಾಲಾಡಿದ್ದರು. ದರ್ಜಿಯೂ ಸುಮ್ಮನೆ ಬಿಡುವ ಆಸಾಮಿಯಲ್ಲ. ರೌಡಿಯನ್ನು ಬಟ್ಟೆ ಚೀಲಕ್ಕೆ ತುಂಬಿಕೊಂಡು ಹಿಂದೆಯೇ ಬಂದಿದ್ದ.

“ನೋಡಿ ಡಾಕ್ಟ್ರಮ್ಮ, ಇವನಿಗೆ ಒಂದು ಸೀನಿದ್ಯಾ, ಕೆಮ್ಮಿದ್ಯಾ? ಮಾಡದ ತಪ್ಪಿಗೆ ನನ್ನ ಮಗ ಯಾಕೆ ಬೈಸ್ಕೋಬೇಕು?”

ಮಗಳು ರೌಡಿಯ ಮೂಗು, ಬಾಯಿ ನೋಡಿದಳು. ಆಮೇಲೆ ಮುದ್ದಿಯ ಕಡೆ ತಿರುಗಿದಳು.

“ಅಮ್ಮಾ, ಇವಳು ಮರಿಯಾಗಿದ್ದಾಗ ತಿಂಗಳುಗಟ್ಟಲೆ ಸೀನ್ತಿದ್ಲಲ್ವಾ?”

“ಅದು ಯಾವತ್ತೋ ವಾಸಿಯಾಯ್ತಲ್ಲ!”

“ಸೀನು ವಾಸಿಯಾಯ್ತು. ರೋಗ ಒಳಗೇ ಕೂತಿತ್ತು. ಹೆತ್ತು ಸುಸ್ತಾದಾಗ ತಲೆಯೆತ್ತಿದೆ. ಇವಳು ನೆಕ್ಕಿದ್ದಾಳೆ, ಮರಿಗಳಿಗೆ ಅಂಟಿದೆ.”

ದರ್ಜಿಯ ಎದೆ ಎರಡು ಇಂಚು ಉಬ್ಬಿತು. ಅಮ್ಮನ ಮುಖ ಇಂಗು ತಿಂದ ಮಂಗನಂತಾಯಿತು.

“ಹೆತ್ತ ತಾಯಿ ಮರಿಗೆ ರೋಗ ಕೊಡ್ತಾಳಾ? ನೀನು ಯಾರ ಕಡೆ?” ಎಂದು ರೇಗಿದವರ ದನಿ ಇದ್ದಕ್ಕಿದ್ದಂತೆ ಇಳಿಯಿತು. “ಹಾಗಾದ್ರೆ... ತಾಯಿ, ಮರಿ ಬೇರೆ ಮಾಡ್ತೀಯಾ? ಕಣ್ಣು ಹೋಗುತ್ತಾ?” ಅವರಿಗೆ ನಿಜಕ್ಕೂ ಭಯವಾಗಿತ್ತು.

“ಅಂಟೋದು ಅಂಟಿಯಾಗಿದೆ. ಇನ್ನೂ ಹಾಲು ಬೇಕು, ಜೊತೆಗೇ ಇರಲಿ. ದಿನಕ್ಕೆ ಮೂರು ಸಲ ಕಣ್ಣು ಒರೆಸಿ ಈ ಡ್ರಾಪ್ಸ್ ಹಾಕು, ಉಳಿಯುತ್ತೆ. ಮುದ್ದೀನ ಬೈಬೇಡಮ್ಮಾ. ಪ್ರೀತಿಯಿಂದ ನೆಕ್ಕಿದ್ದಾಳೆ, ಅವಳಿಗೇನು ಗೊತ್ತು?”

ಮಗಳು ಔಷಧಿ ಚೀಟಿ ಬರೆದು ಸೀಲು ಒತ್ತಿ, ಕೈ ಕೆನ್ನೆಗೆ ಊರಿದಳು. ಕೆನ್ನೆಯ ಮೇಲೆ ನೀಲಿ ಶಾಯಿ ಮೂಡಿತು.

ಅಮ್ಮನಿಗೆ ಹೋದ ಜೀವ ಬಂದಿತ್ತು. “ಎಂಥಾ ಡಾಕ್ಟರೋ ನೀನು! ಮುಖ ನೋಡ್ಕೋ,” ಎನ್ನುತ್ತ ಒಮ್ಮೆ ಜೋರಾಗಿ ಸೀನಿ, ಕರವಸ್ತ್ರದ ತುದಿಯನ್ನು ನಾಲಿಗೆಗೆ ಒತ್ತಿ, ಮಗಳ ಗಲ್ಲ ಹಿಡಿದು ಕೆನ್ನೆಯನ್ನು ಗಸಗಸ ಉಜ್ಜತೊಡಗಿದರು. ನಲವತ್ತು ದಾಟಿದ ಪಶುವೈದ್ಯೆ ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿ ಮುಖ ಒಡ್ಡಿದಳು.

ದರ್ಜಿ ರೌಡಿಯನ್ನು ಮತ್ತೆ ಚೀಲಕ್ಕೆ ಇಳಿಸುತ್ತ ಹೇಳಿದ: “ಡಾಕ್ಟ್ರಮ್ಮಾ, ನನಗೂ ಒಂದು ಚೀಟಿ ಬರೆದು ಸೀಲು ಒತ್ತಿಬಿಡಿ. ನಾಳೆ ನೀವು ಸೀನಿದ್ರೆ ಅದಕ್ಕೂ ನನ್ನ ರೌಡಿ ಕಾರಣ ಅಲ್ಲ ಅಂತ.”