ಮೊದಲು ಗುಣಿಸಬೇಕೋ, ಭಾಗಿಸಬೇಕೋ

ತಪಾಸಣೆಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೋರ್ಡಿನ ಮೇಲೆ ಲೆಕ್ಕ ಇತ್ತು: 8 ÷ 2(2+2). ಮೊದಲು ಭಾಗಿಸಿದರೆ ಹದಿನಾರು, ಮೊದಲು ಗುಣಿಸಿದರೆ ಒಂದು. ಬೋರ್ಡಿಗೆ ಕರೆಸಿದ ಹುಡುಗಿ ‘ಒಂದು’ ಎಂದು ಬರೆದಳು.

ಗಣಿತದ ಟೀಚರಿಗೆ ಸಾಹೇಬರ ಕಣ್ಣೆದುರೇ ತನ್ನ ಮಾನ ಮೂರು ಕಾಸಿಗೆ ಹರಾಜಾದಂತಾಯಿತು.

“ಎಡದಿಂದ ಬಲಕ್ಕೆ ಮಾಡ್ಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಬೆಂಚ್ ಹತ್ತಿ ನಿಲ್ಲು.”

ಹುಡುಗಿ ಲಂಗ ಒತ್ತಿ ಹಿಡಿದು ಹತ್ತಿ ನಿಂತಳು. ತರಗತಿಯೆಲ್ಲ ಕಿಸಕ್ಕನೆ ನಕ್ಕಿತು.

“ಮೊದ್ಲು ಗುಣಿಸ್ಬೇಕು ಅಂತ ಯಾವ ಪುಣ್ಯಾತ್ಮರು ಹೇಳ್ಕೊಟ್ರು? ಜೋರಾಗಿ ಹೇಳು, ಸಾಹೇಬ್ರೂ ಕೇಳ್ಲಿ.”

ಹುಡುಗಿ ತಲೆ ಎತ್ತದೆಯೇ ಹೇಳಿದಳು.

“ನಮ್ಮಕ್ಕ, ಮಿಸ್. ಹೋದ ವರ್ಷ ಹದಿನಾರು ಅಂತ ಬರೆದಿದ್ದಕ್ಕೆ ನೀವು ಅವಳನ್ನ ಇದೇ ಬೆಂಚಿನ ಮೇಲೆ ನಿಲ್ಸಿದ್ರಂತೆ.”