ಕೆಂಪು ಹೋಂಡಾದ ಮಾರಾಟ

ಮನೆ ಮುಂದಿನ ಶೆಡ್ಡಿನಲ್ಲಿ ಯಾಸುಹಿಕೊ ಬಲಗೈ ಹೆಬ್ಬೆರಳಿನಿಂದ ಸ್ಟಾರ್ಟರ್ ಗುಂಡಿ ಒತ್ತಿ ಹಿಡಿದ. ಕೆಂಪು ಟ್ಯಾಂಕಿನ ಹಳೆಯ ಹೋಂಡಾ ಬೈಕು ಗುರುಗುರು ಎಂದಿತೇ ಹೊರತು ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಮತ್ತೆ ಅದೇ ಗುರುಗುರು. ಅದನ್ನು ಕೊಳ್ಳಲೆಂದು ತೊಯೊಹಾಶಿಯಿಂದ ಪುಟ್ಟ ಲಾರಿ ತಂದಿದ್ದ ಅಂಜಾಯ್ ಅವರು ಮರ್ಯಾದಸ್ಥರು. ಮನೆಯವರಿಗೆ ಮುಜುಗರವಾಗದಿರಲಿ ಎಂದು ಅಂಗಳದ ಕಾಕಿ ಹಣ್ಣಿನ ಮರದ ಕಡೆ ತಿರುಗಿ ನಿಂತರು.

ಚಹಾದ ತಟ್ಟೆ ಹಿಡಿದಿದ್ದ ಹೆಂಡತಿ ಸಾನಾಯೆ ಗಾಡಿಯತ್ತ ನೋಡಲಿಲ್ಲ. ಬೆಳಗ್ಗೆ ಗಂಡ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಟ್ಯಾಂಕಿನ ಅಡಿಯ ಪೆಟ್ರೋಲ್ ಬಿಡುವ ಕಾಕ್ ಮುಚ್ಚಿ, ನಾಲ್ಕೂ ಕಾರ್ಬುರೇಟರುಗಳನ್ನು ಹನಿ ಉಳಿಯದಂತೆ ಬಸಿದಿಟ್ಟವಳು ಅವಳೇ. ಗಾಡಿಯನ್ನು ಪೂರ್ತಿ ಬಿಚ್ಚಿ ಹರಡಿಕೊಂಡಿದ್ದಾಗಲೇ ಯಾಸುಹಿಕೊಗೆ ಲಕ್ವ ಹೊಡೆದಿತ್ತು. ಎಡಗೈ ಕ್ಲಚ್ ಹಿಡಿಯುವ ಹಾಗಿರಲಿಲ್ಲ. ಅಂದಿನಿಂದ ಅವನು ಸ್ಟೂಲಿನ ಮೇಲೆ ಕೂತು ಬಾಯಾದ, ಅವಳು ಕೈಯಾದಳು. ಹಾಗೇ ಒಂದೊಂದೇ ಬೋಲ್ಟು ಕೂಡಿಸಿ ಗಾಡಿ ಎದ್ದು ನಿಂತಿತ್ತು. ಹೋದ ವಾರ ಊಟದ ನಡುವೆ ಅವನು, "ಅದನ್ನು ಕೊಟ್ಟುಬಿಡ್ತೀನಿ," ಎಂದ. ಅವಳು ಅನ್ನದ ಬಟ್ಟಲು ನೋಡುತ್ತ "ಸರಿ," ಎಂದಳು. ಆ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ಹಾಗೆಯೇ ಮುಗಿಯುತ್ತಿದ್ದವು.

"ಪೆಟ್ರೋಲ್ ಇದೆ ಅಲ್ವಾ?" ಅಂಜಾಯ್ ಮೆಲ್ಲಗೆ ಕೇಳಿದರು.

"ನಿನ್ನೆ ನಾನೇ ತುಂಬಿಸ್ಕೊಂಡು ಬಂದೆ," ಸಾನಾಯೆ ಅಂದಳು, ಬೇಕಾದದ್ದಕ್ಕಿಂತ ಬೇಗ.

"ಮತ್ತೆ ಕಾಕ್?"

ಯಾಸುಹಿಕೊ ಬಗ್ಗಿದ. ಕಾಕ್ ಮುಚ್ಚಿರುವುದು ಕಣ್ಣಿಗೆ ರಾಚುವಂತಿತ್ತು. ಒಂದು ಗಳಿಗೆ ಅದನ್ನೇ ನೋಡಿ ನೆಟ್ಟಗಾದ.

"ತೆರೆದೇ ಇದೆ."

ಸಾನಾಯೆ ತಟ್ಟನೆ ಗಂಡನತ್ತ ತಿರುಗಿದಳು.

"ಏನು ಹೇಳಲಿ ಅಂಜಾಯ್ ಅವರೇ," ಯಾಸುಹಿಕೊ ಮುಂದುವರಿಸಿದ. "ವಯಸ್ಸಾದ ಗಾಡಿ. ಒಳಗೆ ಏನೇನು ಸವೆದಿದೆಯೋ. ನಿಮ್ಮಂಥವರಿಗೆ ಸುಳ್ಳು ಹೇಳಿ ಮಾರೋಕೆ ನನ್ನ ಮನಸ್ಸು ಒಪ್ಪಲ್ಲ."

ಅಂಜಾಯ್ ಕುಕ್ಕರುಗಾಲಲ್ಲಿ ಕೂತು, ಎಂಜಿನ್ನಿನ ಮುಂದಿನಿಂದ ಒಟ್ಟಾಗಿ ಬಾಗಿ ಇಳಿದ ನಾಲ್ಕು ಹೊಗೆಕೊಳವೆಗಳನ್ನು ತುಂಬ ಹೊತ್ತು ನೋಡಿದರು. "ಹೊರಗಡೆಯಿಂದ ನೋಡಿದ್ರೆ ಮದುವೆಗೆ ಹೊರಟ ಹಾಗಿದೆ."

"ಅದೆಲ್ಲ ಇವಳು ಉಜ್ಜಿದ್ದು."

ಚಹಾ ಕುಡಿದು, ಗಂಡಹೆಂಡಿರಿಗೆ ಬಾಗಿ ನಮಸ್ಕರಿಸಿ, ಗಾಡಿಗೂ ತುಸು ತಲೆ ಬಾಗಿಸಿ ಅವರು ಹೊರಟರು. ಕಾಕೆಗಾವಾದ ಆ ಓಣಿಗಳಲ್ಲಿ ಲಾರಿ ತಿರುಗುವುದಿಲ್ಲವೆಂದು ಅದನ್ನು ದೂರದಲ್ಲಿ ನಿಲ್ಲಿಸಿದ್ದರು.

ಹೆಜ್ಜೆಯ ಸದ್ದು ಅಡಗುವುದನ್ನೇ ಕಾಯುತ್ತಿದ್ದ ಸಾನಾಯೆ ನೆಟ್ಟಗೆ ಹೋಗಿ ಕಾಕ್ ತೆರೆದಳು.

"ನೋಡಿದ್ರಿ ತಾನೇ?"

"ಹೂಂ. ಯಾಕೆ ಮುಚ್ಚಿದ್ದೆ?"

"ಕೊಡೋಕೆ ಇಷ್ಟ ಇರಲಿಲ್ಲ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಯಾಸುಹಿಕೊ ಸ್ಟೂಲಿನ ಮೇಲೆ ಕೂತ. "ತಂಗಿ ಹತ್ರ ಫೋನಲ್ಲಿ ಹೇಳ್ತಿದ್ದೆಯಲ್ಲ, ಉಗುರಿನ ಸಂದಿಯ ಗ್ರೀಸಿನ ಕರಿ ಎಷ್ಟು ತಿಕ್ಕಿದ್ರೂ ಹೋಗಲ್ಲ, ಅಂಗಡೀಲಿ ಮಿಠಾಯಿ ಕಟ್ಟುವಾಗ ಎಲ್ಲರೂ ನನ್ನ ಕೈಯನ್ನೇ ನೋಡ್ತಾರೆ ಅಂತ. ನನ್ನ ಹುಚ್ಚಿಗೆ ನಿನ್ನ ಕೈ ಯಾಕೆ ಹಾಳಾಗಬೇಕು ಅನ್ನಿಸ್ತು."

ಸಾನಾಯೆ ಅವನನ್ನು ಮಿಕಿಮಿಕಿ ನೋಡಿದಳು. ಆಮೇಲೆ ನಗು ಬಂತು, ತಡೆಯಲಾಗಲಿಲ್ಲ. "ಅಯ್ಯೋ ಮಾರಾಯರೇ, ಅದು ಜಂಬ. ಎಂಜಿನ್ ಕೂರಿಸಿದ್ದು ನಾನೇ ಅಂತ ಕೊಚ್ಚಿಕೊಳ್ಳೋಕೆ ಮುಂಚೆ ಪೀಠಿಕೆ ಹಾಕ್ತಿದ್ದೆ. ಕದ್ದು ಕೇಳೋದೇ ಆದ್ರೆ ಪೂರ್ತಿ ಕೇಳಿಸ್ಕೋಬೇಕು."

ಕಣ್ಣೊರೆಸಿಕೊಂಡು ಅವಳು ಸ್ಟಾರ್ಟರ್ ಒತ್ತಿದಳು. ಗುರುಗುರು. ಪೆಟ್ರೋಲ್ ಇಳಿಯಲೆಂದು ಕಾದು ಮತ್ತೆ ಒತ್ತಿದಳು. ಹತ್ತಲಿಲ್ಲ. ತಿರುಗಿ ನೋಡಿದರೆ ಗಂಡ ಚಾವಣಿಯ ಜೇಡರಬಲೆಯನ್ನು ಬಲು ಗಮನವಿಟ್ಟು ನೋಡುತ್ತಿದ್ದ.

"ರೀ. ನೀವೇನು ಮಾಡಿದ್ದೀರಿ?"

ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅವಳತ್ತ ಚಾಚಿದ. "ಬಲಗಡೆ ಪಾಯಿಂಟಿನ ಮುಚ್ಚಳ ಬಿಚ್ಚು."

ಒಳಗೆ, ಕಿಡಿಗೆ ಕರೆಂಟು ಹಾಯಬೇಕಾದ ಎರಡೂ ಪಾಯಿಂಟುಗಳ ಸಂದಿಯಲ್ಲಿ, ಮಡಿಸಿದ ಕಾಗದದ ಚೂರುಗಳು ನೀಟಾಗಿ ಕೂತಿದ್ದವು.

"ಒಂದೇ ಕೈಲಿ ಇದನ್ನು ಯಾವಾಗ ತುರುಕಿದ್ರಿ?"

"ನೀನು ಚಹಾಕ್ಕೆ ನೀರಿಟ್ಟಾಗ. ಸ್ಕ್ರೂ ಬಿದ್ದು ಹುಡುಕೋದ್ರಲ್ಲಿ ಜೀವ ಹೋಯ್ತು."

"ಅವರಿಗೆ ಫೋನ್ ಮಾಡಿ ಬೇಡ ಅಂದಿದ್ರೆ ಆಗ್ತಿತ್ತು."

"ಅಷ್ಟು ಆಸೆಯಿಂದ ಬರ್ತೀನಿ ಅಂದವರಿಗೆ ಹೇಗೆ ಬೇಡ ಅನ್ನೋದು?"

ಸಾನಾಯೆ ಕಾಗದ ಕಿತ್ತೆಸೆದು ಗುಂಡಿ ಒತ್ತಿದಳು. ನಾಲ್ಕೂ ಸಿಲಿಂಡರುಗಳು ಒಂದೇ ಉಸಿರಿಗೆ ಹತ್ತಿಕೊಂಡವು. ಶೆಡ್ಡಿನ ತಗಡು ಅದುರಿತು. ಯಾಸುಹಿಕೊ ಕಣ್ಣುಮುಚ್ಚಿ ಆಲಿಸಿದ. "ಮೂರನೇದು ಸ್ವಲ್ಪ ಹಿಂದೆ ಬೀಳ್ತಿದೆ," ಎಂದ. "ಗೊತ್ತು," ಎನ್ನುತ್ತ ಅವಳು ತಲೆಯೆತ್ತಿದಳು.

ಗೇಟಿನಲ್ಲಿ ಅಂಜಾಯ್ ನಿಂತಿದ್ದರು. ಕೈಯಲ್ಲಿ ಒಂದು ಪುಟ್ಟ ರಟ್ಟಿನ ಡಬ್ಬಿ.

"ಲಾರೀಲಿ ಹೊಸ ಪಾಯಿಂಟ್ ಸೆಟ್ ಒಂದಿತ್ತು. ಇದನ್ನು ಹಾಕಿ ನೋಡಿದ್ರೆ ಏನಾದ್ರೂ..." ಎಂದವರು ಅಲ್ಲಿಗೇ ನಿಂತರು.

ಸಾನಾಯೆಯ ಮುಖ ಕಿವಿಯವರೆಗೆ ಕೆಂಪಾಯಿತು. ಯಾಸುಹಿಕೊ ಎದ್ದು ನಿಲ್ಲಲು ಹೋಗಿ ಮತ್ತೆ ಕುಸಿದು ಕೂತ. ಗಾಡಿಗೆ ಮಾತ್ರ ನಾಚಿಕೆಯಿರಲಿಲ್ಲ, ಅದು ಗುಡುಗುತ್ತಲೇ ಇತ್ತು. ಅಂಜಾಯ್ ಅವಳ ಕರಿ ಹಿಡಿದ ಕೈಗಳನ್ನು ನೋಡಿದರು, ಅವನ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಎಡಗೈ ನೋಡಿದರು. ಡಬ್ಬಿಯನ್ನು ಮೆಲ್ಲಗೆ ಗೋಡೆಯ ಮೇಲಿಟ್ಟರು. ಎಂಜಿನ್ನಿನ ಅಬ್ಬರದ ಮೇಲೆ ಕೇಳಿಸಲೆಂದು ಬಾಯಿಯ ಪಕ್ಕ ಕೈ ಹಿಡಿದು ಕೂಗಿದರು:

"ಪಾಪ, ಎಷ್ಟು ಒದ್ದಾಡಿದ್ರೂ ಹತ್ತಲೇ ಇಲ್ಲ ಅಂತ ಮನೇಲಿ ಹೇಳ್ತೀನಿ."