ಪರ್ವತಯ್ಯನ ಅಂಗಡಿಯ ಪಾರ್ಸೆಲ್‌ಗಳು

ಊಟ ಬಲ್ಲವನಿಗೆ ರೋಗವಿಲ್ಲ... ಆಫರ್ ಬಲ್ಲವನಿಗೆ ಅಂಗಡಿಯೇ ಬೇಕಿಲ್ಲ!

ಗಾದೆಯನ್ನು ತಿರುಚಿದ್ದು ನಿಜ... ಕಥೆಯನ್ನು ಮಾತ್ರ ತಿರುಚಿಲ್ಲ, ನಡೆದದ್ದು ನಡೆದ ಹಾಗೇ ಕೇಳಿ.

ತಿಪಟೂರಿನ ಒಂದು ಬೀದಿಯಲ್ಲಿ ಪರ್ವತಯ್ಯನ ಅಂಗಡಿ. ಒಂದು ಗೋಡೆಗೆ ಪುಸ್ತಕ, ಇನ್ನೊಂದು ಗೋಡೆಗೆ ಪಾತ್ರೆ.

ಬೀದಿಯವರೆಲ್ಲ ಹಗಲು ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಆನ್‌ಲೈನ್‌ನಲ್ಲಿ ಏನೇ ತರಿಸಿದರೂ ಡೆಲಿವರಿಯವನಿಗೆ ಒಂದೇ ಮಾತು... "ಪರ್ವತಯ್ಯನ ಅಂಗಡೀಲಿ ಬಿಡಪ್ಪ."

ಕುಕ್ಕರ್ ಬಂತು, ಕಾದಂಬರಿ ಬಂತು, ಅರ್ಧ ಬೆಲೆಯ ಬಾಣಲೆ ಬಂತು... ಎಲ್ಲವೂ ಅವನ ಅಂಗಡಿಯಲ್ಲೇ ಇದ್ದ ಸಾಮಾನು!

ಪರ್ವತಯ್ಯ ತನ್ನ ಸರಕಿನ ಮೇಲೆ ಧೂಳು ಕೂತರೂ ಅವರ ಪಾರ್ಸೆಲ್ ಮಾತ್ರ ಒರೆಸಿ ಇಡುತ್ತಿದ್ದ.

ಕೊನೆಗೊಂದು ದಿನ 'ಮಳಿಗೆ ಬಾಡಿಗೆಗೆ ಇದೆ' ಎಂದು ಬೋರ್ಡ್ ಬರೆದು, ಒಣಗಲೆಂದು ಗಲ್ಲಾದ ಹಿಂದೆ ನಿಲ್ಲಿಸಿದ.

ಪಾರ್ಸೆಲ್ ಒಯ್ಯಲು ಬಂದ ಕಾಲೇಜಿನ ಸುಮಂಗಲಾ ಮೇಡಂ ಕಣ್ಣು ಅದರ ಮೇಲೆ ಬಿತ್ತು. ಸದಾ ಯಾರದಾದರೂ ದನಿ ಅಣಕಿಸಿ ನಗಿಸುವ ಮೇಡಂ ಅಂದು ಪಾರ್ಸೆಲ್ ಎತ್ತಿಕೊಂಡು ಬಿರಬಿರನೆ ಹೊರಟರು.

ಎರಡು ದಿನ ಬಿಟ್ಟು ಒಂದು ಫೋನ್...

"ನಮಸ್ಕಾರ ಸರ್, ಕಸ್ಟಮರ್ ಕೇರ್‌ನಿಂದ ಮಾತನಾಡುತ್ತಿದ್ದೇವೆ. ನಿಮ್ಮಲ್ಲಿ ಬಿಟ್ಟ ಪಾರ್ಸೆಲ್‌ಗಳಿಂದ ಸಾಮಾನು ಮಾಯವಾಗುತ್ತಿದೆ ಎಂದು ದೂರು ಬಂದಿದೆ. ಇಂದು ಸಂಜೆ ಗ್ರಾಹಕರ ಎದುರಿಗೇ ತೆರೆದು ತೋರಿಸಿ."

ಪರ್ವತಯ್ಯನ ಎದೆ ಧಸಕ್ಕೆಂದಿತು. ವ್ಯಾಪಾರ ಹೋದಾಗ ಅಳದ ಮನುಷ್ಯ... ಹೆಸರು ಹೋಗುತ್ತದೆಂದು ನಡುಗಿದ.

"ಅಂಗಡಿ ಮುಚ್ಚೋ ಹೊತ್ತಲ್ಲಿ ಕಳ್ಳ ಅನ್ನಿಸ್ಕೊಂಡು ಹೋಗ್ಬೇಕೇನೇ?" ಎಂದು ಹೆಂಡತಿ ಲೋಲಾಕ್ಷಿಯನ್ನು ಕೇಳಿದ.

ಸಂಜೆ ಬೀದಿಯೇ ನೆರೆಯಿತು. ಡೆಲಿವರಿಯವನು ಅಂದು ಇಳಿಸಿಹೋದ ಪಾರ್ಸೆಲ್‌ಗಳಿಗೆ ಪರ್ವತಯ್ಯ ಕತ್ತರಿ ಹಾಕಿದ.

ಮೊದಲನೆಯದು... ಖಾಲಿ.

ಎರಡನೆಯದು... ಅದೂ ಖಾಲಿ!

"ದೇವ್ರಾಣೆಗೂ ನಾನ್ ಮುಟ್ಟಿಲ್ಲ ಕಣ್ರಪ್ಪ..." ಕಣ್ಣು ತುಂಬಿತು.

ಆಗ ಗುಂಪಿನೊಳಗಿಂದ ಅದೇ ಕಸ್ಟಮರ್ ಕೇರ್ ದನಿ...

"ಸರ್, ಖಾಲಿ ಡಬ್ಬ ತುಂಬಿಸಿ ಕೊಡುವ ಸೌಲಭ್ಯ ತಮ್ಮ ಅಂಗಡಿಯಲ್ಲಿ ಲಭ್ಯವಿದೆಯೇ?"

ಸುಮಂಗಲಾ ಮೇಡಂ! ಫೋನ್ ಮಾಡಿದ್ದೂ ಅವರೇ, ಬೀದಿಯವರನ್ನು ಸೇರಿಸಿ ಡೆಲಿವರಿಯವನ ಕೈಲಿ ಖಾಲಿ ಡಬ್ಬ ಕಳಿಸಿದ್ದೂ ಅವರೇ.

"ನಂದ್ರಲ್ಲಿ ಇಡ್ಲಿ ಪಾತ್ರೆ ಹಾಕಣ್ಣ..." "ನಮ್ ಮಗೀಗೆ ಒಂದ್ ಕಥೆ ಪುಸ್ತಕ..." ಬೀದಿಯವರೆಲ್ಲ ಮುಗಿಬಿದ್ದರು.

ಎದುರು ಮನೆಯ ಪುಟ್ಟಗೌರಮ್ಮ ಗದರಿದರು... "ಅಂಗಡಿ ಮುಚ್ತೀಯೇನೋ? ಕೊಳ್ಳೋದು ಅಲ್ಲೆಲ್ಲೋ, ಕಾಯೋಕೆ ಮಾತ್ರ ನೀನು... ನಮಗೇ ನಾಚ್ಕೆ ಆಯ್ತು ಕಣಪ್ಪ."

ಲೋಲಾಕ್ಷಿ ಆ ಬೋರ್ಡನ್ನು ಎರಡು ಡಬ್ಬದ ಮೇಲೆ ಅಡ್ಡಲಾಗಿ ಇಟ್ಟಳು... ಪಾರ್ಸೆಲ್ ಇಡಲು ಹಲಗೆಯಾಯಿತು!

"ತಪ್ಪಾಯ್ತಣ್ಣ, ಜಾಸ್ತಿನೇ ಹೆದರಿಸ್ಬಿಟ್ಟೆ," ಎಂದರು ಮೇಡಂ.

ಪರ್ವತಯ್ಯ ಕಣ್ಣೊರೆಸಿಕೊಂಡ. ಗಂಟಲು ಸರಿಮಾಡಿಕೊಂಡು, ಮೇಡಂ ದನಿಯನ್ನೇ ಅಣಕಿಸಿದ...

"ಧನ್ಯವಾದಗಳು ಮೇಡಂ. ತಮ್ಮ ಆರ್ಡರ್ ಕನ್ಫರ್ಮ್ ಆಗಿದೆ. ಡಿಸ್ಕೌಂಟ್ ಇರುವುದಿಲ್ಲ... ನನ್ನ ಎದೆ ನಡುಗಿಸಿದ್ದಕ್ಕೆ ಎಕ್ಸ್‌ಟ್ರಾ ಚಾರ್ಜ್ ಇರುತ್ತದೆ!"

ಬೀದಿಗೆ ಬೀದಿಯೇ ನಕ್ಕಿತು... ಎಲ್ಲರಿಗಿಂತ ಜೋರಾಗಿ ನಕ್ಕವನು ಪರ್ವತಯ್ಯನೇ.

*ರಿಯಾಯಿತಿ ಎಲ್ಲಿ ಬೇಕಾದರೂ ಸಿಗುತ್ತದೆ... ನಂಬಿ ಬಿಟ್ಟದ್ದನ್ನು ಕಾಯುವ ಮನುಷ್ಯ ಸಿಗುವುದು ನಮ್ಮ ಬೀದಿಯಲ್ಲೇ.*

ನಿಮ್ಮ ಪಾರ್ಸೆಲ್ ಕಾಯ್ದಿಟ್ಟ ಅಂಗಡಿಯಿಂದ ನೀವು ಕೊನೆಯ ಸಲ ಏನು ಕೊಂಡಿರಿ?